‘ನಿಂತರೆ ಹೊರಡೋದೇ ಇಲ್ಲ’ ಅಂತ ಹಾಡಿದ್ದಕ್ಕೆ 50 ಲಕ್ಷದ ನೋಟಿಸ್: ಅಣಕು ವಿಡಿಯೊ, ಕಾಪಿರೈಟ್ ಮತ್ತು ನೀವು

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹಾವೇರಿಯವನು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನ್ ಕೆಲಸ, ಜೊತೆಗೆ 11 ಸಾವಿರ ಸಬ್‌ಸ್ಕ್ರೈಬರ್ ಇರೋ ಯೂಟ್ಯೂಬ್ ಚಾನೆಲ್ ಇದೆ. ಹೋದ ವರ್ಷ 1.28 ಲಕ್ಷ ಕೊಟ್ಟು ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ಐದು ತಿಂಗಳಲ್ಲಿ ಏಳು ಸಲ ಹುಬ್ಬಳ್ಳಿ ಸರ್ವಿಸ್ ಸೆಂಟರ್ ಮೆಟ್ಟಿಲು ಹತ್ತಿದ್ದೇನೆ. ಕೊನೆಗೆ ಸಿಟ್ಟು ಬಂದು 2 ನಿಮಿಷ 40 ಸೆಕೆಂಡಿನ ಅಣಕು ವಿಡಿಯೊ ಮಾಡಿದೆ. ಕಂಪನಿ ಜಾಹೀರಾತಿನ ಹಾಡು ‘ಹೊರಟರೆ ನಿಲ್ಲೋದೇ ಇಲ್ಲ’ ಅಂತ ಇದೆ, ಅದನ್ನೇ ‘ನಿಂತರೆ ಹೊರಡೋದೇ ಇಲ್ಲ’ ಅಂತ ಮಾಡಿ ಹಾಡಿದೆ. ಜಾಹೀರಾತಿನ ಕ್ಲಿಪ್ ಕೂಡ ಹಾಕಿದ್ದೆ, ಕೊನೆಗೆ ಒಂದು ಹಳೇ ಸಿನಿಮಾ ಹಾಡಿನ 20 ಸೆಕೆಂಡ್. ವಿಡಿಯೊ ಓಡಿತು, ಜನ ನಕ್ಕರು, ನಾಲ್ಕಾರು ಜನ ಟೀ ಶರ್ಟ್ ಕೇಳಿದರು ಅಂತ ಅದನ್ನೂ ಪ್ರಿಂಟ್ ಹಾಕಿ ಮಾರಿದೆ. ಈಗ ಯೂಟ್ಯೂಬಿನಿಂದ ಎರಡು ಮೇಲ್ ಬಂದಿವೆ, ವಿಡಿಯೊ ಕಾಣ್ತಿಲ್ಲ. ಮೇಲೆ ಬೆಂಗಳೂರಿನ ವಕೀಲರಿಂದ 50 ಲಕ್ಷ ಪರಿಹಾರ ಕೇಳಿ ನೋಟಿಸ್. ಗೆಳೆಯರು ‘ಫೇರ್ ಯೂಸ್ ಅದು, 30 ಸೆಕೆಂಡ್ ಒಳಗಿದ್ರೆ ಏನೂ ಆಗಲ್ಲ, ಸುಮ್ನಿರು’ ಅಂತಾರೆ. ಮನೆಯಲ್ಲಿ ‘ಕ್ಷಮೆ ಕೇಳಿ ಮುಗಿಸು’ ಅಂತಾರೆ. ನಾನು ಮಾಡಿದ್ದು ತಪ್ಪಾ?

ಉತ್ತರ: ನಿಮ್ಮ ಮೇಲ್‌ಗಳು, ನೋಟಿಸ್, ನೀವು ಕಳಿಸಿದ ವಿಡಿಯೊ ಕಾಪಿ ಎಲ್ಲ ನೋಡಿದೆ. ವಿಡಿಯೊ ಎರಡು ಸಲ ನೋಡಿದೆ, ಎರಡನೇ ಸಲ ಕೆಲಸಕ್ಕಲ್ಲ. ಜಾಹೀರಾತಿನ ಹುಡುಗ ಘಾಟಿ ಏರುವ ಅದೇ ಶಾಟ್‌ನಲ್ಲಿ ನೀವು ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ತಳ್ಳಿಕೊಂಡು ಹೋಗ್ತೀರಲ್ಲ, ಪಕ್ಕದಲ್ಲಿ ಒಂದು ಎತ್ತಿನ ಗಾಡಿ ನಿಮ್ಮನ್ನು ದಾಟಿ ಹೋಗುತ್ತಲ್ಲ, ಅದು ಚೆನ್ನಾಗಿದೆ.

ಈಗ ವಿಷಯಕ್ಕೆ ಬರ್ತೇನೆ. ನಿಮ್ಮ ತಲೆಯಲ್ಲಿ ಎಲ್ಲ ಸೇರಿ ಒಂದೇ ಕಷ್ಟ ಆಗಿಬಿಟ್ಟಿದೆ. ನಿಜಕ್ಕೂ ಅಲ್ಲಿರೋದು ಮೂರು ಬೇರೆ ಬೇರೆ ತಕರಾರು. ಮೊದಲ ಮೇಲ್ ಕಂಪನಿಯದ್ದೇ ಅಲ್ಲ, ಸಿನಿಮಾ ಹಾಡಿನ ಆಡಿಯೊ ಹಕ್ಕು ಇಟ್ಟುಕೊಂಡಿರೋ ಮ್ಯೂಸಿಕ್ ಕಂಪನಿಯದು. ಯೂಟ್ಯೂಬಿನ ಕಂಟೆಂಟ್ ಐಡಿ ಅನ್ನೋ ಯಂತ್ರ ಹಾಡನ್ನು ಗುರುತಿಸಿ ಹಾಕಿದ ಕ್ಲೇಮ್ ಅದು, ಅಂದರೆ ‘ಈ ಹಾಡು ನಮ್ಮದು’ ಅನ್ನೋ ಹಕ್ಕಿನ ಮಾತು, ಚಾನೆಲ್ ಮೇಲೆ ಬೀಳೋ ಎಚ್ಚರಿಕೆ ಅಂದರೆ ಸ್ಟ್ರೈಕ್ ಅಲ್ಲ. ಎರಡನೇದು ಸ್ಕೂಟರ್ ಕಂಪನಿ ಕೊಟ್ಟ ಕಾಪಿರೈಟ್ ದೂರು, ಇದು ಸ್ಟ್ರೈಕ್. ಮೂರನೇದು ನೋಟಿಸ್. ಅದರ ತಲೆಬರಹದಲ್ಲಿ ಕಾಪಿರೈಟ್ ಅಂತ ದೊಡ್ಡದಾಗಿ ಇದ್ದರೂ, ಒಳಗೆ ಟ್ರೇಡ್‌ಮಾರ್ಕು, ಮಾನನಷ್ಟ ಎರಡೂ ಇವೆ. ನನಗೆ ಯೋಚನೆ ಹತ್ತಿಸಿದ್ದು ಕಾಪಿರೈಟ್ ಭಾಗ ಅಲ್ಲ. ಅದು ಯಾವುದು ಅಂತ ಆಮೇಲೆ ಹೇಳ್ತೇನೆ.

ಮೊದಲು ಗೆಳೆಯರ ಮಾತು. 30 ಸೆಕೆಂಡ್ ನಿಯಮ ಅಂತ ಯಾವ ಕಾನೂನಿನಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಏಳು ಸೆಕೆಂಡ್, ಹತ್ತು ಪರ್ಸೆಂಟ್, ಇವೆಲ್ಲ ಬಾಯಿಂದ ಬಾಯಿಗೆ ಬಂದ ಲೆಕ್ಕ. ಐದು ಸೆಕೆಂಡ್ ತಗೊಂಡು ಸಿಕ್ಕಿಬೀಳಬಹುದು, ಒಂದು ನಿಮಿಷ ತಗೊಂಡೂ ಪಾರಾಗಬಹುದು, ಎಷ್ಟು ತಗೊಂಡಿರಿ ಅನ್ನೋದರ ಜೊತೆ ಯಾಕೆ ತಗೊಂಡಿರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಡಿಸ್ಕ್ರಿಪ್ಷನ್‌ನಲ್ಲಿ ‘ಯಾರ ಹಕ್ಕನ್ನೂ ಉಲ್ಲಂಘಿಸುವ ಉದ್ದೇಶ ಇಲ್ಲ’ ಅಂತ ಬರೆದಿದ್ದೀರಿ. ಪಕ್ಕದ ತೋಟದ ಮಾವು ಕಿತ್ತು ‘ಕದಿಯೋ ಉದ್ದೇಶ ಇಲ್ಲ’ ಅಂತ ಬೋರ್ಡ್ ಹಾಕಿದ ಹಾಗೆ ಅದು. ಕ್ರೆಡಿಟ್ ಕೊಟ್ಟದ್ದು ಒಳ್ಳೇದೇ, ಆದರೆ ಹೆಸರು ಹೇಳಿದ ಮಾತ್ರಕ್ಕೆ ಅನುಮತಿ ಸಿಕ್ಕ ಹಾಗಲ್ಲ.

‘ಫೇರ್ ಯೂಸ್’ ಅನ್ನೋದು ಅಮೆರಿಕದ ಮಾತು. ಅಲ್ಲಿ ಅದು ಅಗಲವಾದ ಬಾಗಿಲು. ಎಂಥ ಬಳಕೆಯಾದರೂ ಸರಿ, ನಾಲ್ಕು ಅಂಶ ತೂಗಿ ಕೋರ್ಟ್ ತೀರ್ಮಾನ ಮಾಡುತ್ತೆ. 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹಳೇ ಪಾಪ್ ಹಾಡೊಂದನ್ನು ಅಣಕ ಮಾಡಿದ ರ‍್ಯಾಪ್ ತಂಡದ ಕೇಸಿನಲ್ಲಿ, ದುಡ್ಡಿಗಾಗಿ ಮಾಡಿದ ಅಣಕು ಕೂಡ ಫೇರ್ ಯೂಸ್ ಆಗಬಹುದು ಅಂತ ಹೇಳಿತು. ಬ್ರಿಟನ್ 2014ರಲ್ಲಿ ಅಣಕಕ್ಕೆ ಅಂತಲೇ ಕಾನೂನಿನಲ್ಲಿ ಜಾಗ ಮಾಡಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಅಣಕು ಅನ್ನೋ ಪದವೇ ಇಲ್ಲ. ಇರೋದು 52ನೇ ಸೆಕ್ಷನ್, ಅದರಲ್ಲಿ ‘ಫೇರ್ ಡೀಲಿಂಗ್’. ಇದು ಕಿಟಕಿಯಷ್ಟೇ ಅಗಲ. ಖಾಸಗಿ ಬಳಕೆ ಮತ್ತು ಸಂಶೋಧನೆ, ಟೀಕೆ ಅಥವಾ ವಿಮರ್ಶೆ, ಪ್ರಚಲಿತ ಘಟನೆಗಳ ವರದಿ, ಇಷ್ಟರೊಳಗೆ ನೀವು ಕೂರಬೇಕು. ನಿಮಗೆ ಜಾಗ ಇರೋದು ಟೀಕೆ ಅನ್ನೋ ಕಡೆ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ತಪ್ಪೋದು ಇಲ್ಲೇ. ಕಾಯ್ದೆ ಹೇಳೋದು ಒಂದು ‘ಕೃತಿ’ಯ ಟೀಕೆ ಅಂತ, ನೀವು ಬಳಸಿಕೊಂಡ ಕೃತಿಯದ್ದಾಗಲಿ ಬೇರೆ ಕೃತಿಯದ್ದಾಗಲಿ. ಸ್ಕೂಟರ್ ಕೃತಿ ಅಲ್ಲ, ಸರ್ವಿಸ್ ಸೆಂಟರ್ರೂ ಅಲ್ಲ. ಆದರೆ ಜಾಹೀರಾತು ಕೃತಿ, ಜಿಂಗಲ್ ಅಂದರೆ ಅದರ ಹಾಡೂ ಕೃತಿ. ನೀವು ಮಾಡಿದ್ದೇನು? ‘ಹೊರಟರೆ ನಿಲ್ಲೋದೇ ಇಲ್ಲ’ ಅನ್ನೋ ಮಾತನ್ನೇ ಹಿಡಿದು, ಅದು ಸುಳ್ಳು ಅಂತ ಅದರದ್ದೇ ರಾಗದಲ್ಲಿ ತೋರಿಸಿದಿರಿ. ಅಂದರೆ ಟೀಕೆ ಆ ಜಾಹೀರಾತಿನ ಮೇಲೇ ಇದೆ. ನಿಮ್ಮ ವಾದ ನಿಲ್ಲೋದು ಇದರ ಮೇಲೆ. ‘ಕಂಪನಿ ಕೆಟ್ಟದು, ಅದಕ್ಕೆ ಅವರ ವಿಡಿಯೊ ತಗೊಂಡೆ’ ಅಂತ ಎಲ್ಲೂ ಬರೀಬೇಡಿ. ‘ಅವರ ಜಾಹೀರಾತು ಹೇಳಿದ್ದನ್ನು ಟೀಕಿಸೋಕೆ ಆ ಜಾಹೀರಾತನ್ನೇ ತೋರಿಸಬೇಕಾಯ್ತು’ ಅಂತ ಬರೀರಿ. ಎರಡೂ ಒಂದೇ ಥರ ಕಾಣುತ್ತೆ, ಆದರೆ ಕೋರ್ಟಿನಲ್ಲಿ ಒಂದೇ ಅಲ್ಲ.

ನಮ್ಮಲ್ಲಿ ಇದಕ್ಕೆ ಆಧಾರ ಇದೆ. 1996ರಲ್ಲಿ ಕೇರಳ ಹೈಕೋರ್ಟ್ ಮುಂದೆ ಒಂದು ಕೇಸ್ ಬಂತು. ತೋಪ್ಪಿಲ್ ಭಾಸಿಯವರ ಹೆಸರಾಂತ ಕಮ್ಯುನಿಸ್ಟ್ ನಾಟಕಕ್ಕೆ ಸಿವಿಕ್ ಚಂದ್ರನ್ ಅನ್ನೋರು ಪ್ರತಿನಾಟಕ ಬರೆದಿದ್ದರು, ಅದೇ ಪಾತ್ರಗಳು, ಅದೇ ಸಂಭಾಷಣೆಯ ತುಣುಕುಗಳು, ಆದರೆ ತಿರುಗಿಸಿ ಕೇಳುವ ಪ್ರಶ್ನೆಗಳು. ಕೋರ್ಟ್ ಮೂರು ವಿಷಯ ನೋಡಿತು: ಟೀಕೆಗೆ ಹೋಲಿಸಿದರೆ ಎಷ್ಟು ತಗೊಂಡಿದ್ದಾರೆ, ಯಾಕೆ ತಗೊಂಡಿದ್ದಾರೆ, ಇದರಿಂದ ಮೂಲ ನಾಟಕಕ್ಕೆ ಪೈಪೋಟಿ ಆಗುತ್ತಾ. ನಾಟಕ ತಡೆಯಲು ಒಪ್ಪಲಿಲ್ಲ. ನಿಮ್ಮ ವಿಡಿಯೊ ನೋಡಿದವರು ‘ಇನ್ನು ಆ ಜಾಹೀರಾತು ನೋಡೋದು ಬೇಡ, ಇದೇ ಸಾಕು’ ಅಂತ ಅದಕ್ಕೆ ಬದಲಿಯಾಗಿ ಇದನ್ನು ನೋಡಲ್ಲ. ಹಾಗಾಗಿ ಮೂರನೇ ಪ್ರಶ್ನೆಗೆ ನಿಮ್ಮ ಕಡೆ ಉತ್ತರ ಗಟ್ಟಿ.

ಮೊದಲನೇ ಪ್ರಶ್ನೆಗೆ ಅಷ್ಟು ಗಟ್ಟಿ ಇಲ್ಲ. ಮೂಲ ಜಾಹೀರಾತು 40 ಸೆಕೆಂಡ್, ನೀವು ಅದರಲ್ಲಿ 34 ಸೆಕೆಂಡ್ ಹಾಗೇ ಎತ್ತಿ ಹಾಕಿದ್ದೀರಿ. ಘಾಟಿ ಶಾಟ್ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಮನೆಯವರೆಲ್ಲ ಕೂತು ಸ್ಕೂಟರ್‌ಗೆ ಆರತಿ ಎತ್ತೋ ಹತ್ತು ಸೆಕೆಂಡ್ ಯಾಕೆ? ಅದರ ಮೇಲೆ ನೀವು ಒಂದು ಮಾತೂ ಆಡಿಲ್ಲ. ಟೀಕೆ ಇಲ್ಲದ ಕಡೆ ಕ್ಲಿಪ್ ಇದ್ದರೆ ಅದು ಬರೀ ನಕಲು.

ನೀವೇ ಹೊಸದಾಗಿ ಶೂಟ್ ಮಾಡಿದ ಭಾಗಗಳು ಹೆಚ್ಚು ಸುರಕ್ಷಿತ. ಬಾಂಬೆ ಹೈಕೋರ್ಟ್ 2003ರಲ್ಲಿ, ಒಂದು ಧಾರಾವಾಹಿಯ ಪಾತ್ರಗಳನ್ನು ಹೋಲುವ ಸೋಪಿನ ಪುಡಿ ಜಾಹೀರಾತಿನ ಕೇಸಿನಲ್ಲಿ, ಬೇರೆಯಾಗಿ ಚಿತ್ರೀಕರಿಸಿದ್ದು ಮೂಲ ಫಿಲ್ಮಿನ ನಕಲಲ್ಲ ಅಂತ ಹೇಳಿತು. ಹಾಗಂತ ಪೂರ್ತಿ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. 2019ರಲ್ಲಿ ಎರಡು ಟಯರ್ ಕಂಪನಿಗಳ ಜಗಳದಲ್ಲಿ ದೆಹಲಿ ಹೈಕೋರ್ಟ್, ಮರುಚಿತ್ರೀಕರಿಸಿದರೂ ತಿರುಳು ಒಂದೇ ಆದರೆ ನಕಲೇ ಅಂತ ನೋಡಬಹುದು ಅಂದಿತು. ಇಷ್ಟಾದರೂ ಎತ್ತಿನ ಗಾಡಿ ಇರೋ ಘಾಟಿ ಶಾಟ್ ಬಗ್ಗೆ ನನಗೆ ಚಿಂತೆ ಇಲ್ಲ.

ಸಿನಿಮಾ ಹಾಡು ತೆಗೆದುಬಿಡಿ. ಇದರಲ್ಲಿ ವಾದವೇ ಇಲ್ಲ. ಆ ಹಾಡನ್ನು ನೀವು ಟೀಕಿಸುತ್ತಿಲ್ಲ, ಬರೀ ವಿಡಿಯೊಗೆ ಮೂಡ್ ಬರಲಿ ಅಂತ ಹಾಕಿದ್ದೀರಿ. ಅಮೆರಿಕದ ಅಗಲವಾದ ಬಾಗಿಲಲ್ಲೂ ಇದು ಸುಲಭಕ್ಕೆ ತೂರಲ್ಲ. ಹಾಡಿಗೆ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಅಂತ ಮೂರು ಬೇರೆ ಹಕ್ಕು ಇರುತ್ತವೆ, ಮೂರಕ್ಕೂ ಉತ್ತರ ಹೇಳಬೇಕಾಗುತ್ತೆ. ಆ ಕ್ಲೇಮ್ ವಿರುದ್ಧ ಯೂಟ್ಯೂಬಿನಲ್ಲಿ ಡಿಸ್ಪ್ಯೂಟ್, ಅಂದರೆ ಆಕ್ಷೇಪ, ಹಾಕೋಕೆ ಹೋಗಬೇಡಿ. ಅದನ್ನು ಅವರು ತಿರಸ್ಕರಿಸಿ, ನೀವು ಅಪೀಲ್ ಹಾಕಿ, ಅದನ್ನೂ ಒಪ್ಪದೆ ತೆಗೆಯಲು ಹೇಳಿದರೆ ಇನ್ನೊಂದು ಸ್ಟ್ರೈಕ್ ಬೀಳುತ್ತೆ. ಆ 20 ಸೆಕೆಂಡಿಗೆ ನೀವೇ ತಮಟೆ ಬಾರಿಸಿ.

ಈಗ ನನಗೆ ಯೋಚನೆ ಹತ್ತಿಸಿದ ಭಾಗ. 1 ನಿಮಿಷ 50ನೇ ಸೆಕೆಂಡಿನಲ್ಲಿ ಅಣಕು ನಿಂತು, ನೀವು ನೇರ ಕ್ಯಾಮೆರಾ ನೋಡಿ ಹೇಳ್ತೀರಿ: ‘ಇವರ ಬ್ಯಾಟರಿಗೆ ಬೆಂಕಿ ಹತ್ತುತ್ತೆ, ಇವರಿಗೆ ಗೊತ್ತಿದ್ದೂ ಮಾರ್ತಿದಾರೆ.’ ನೋಟಿಸಿನ ಆರನೇ ಪ್ಯಾರಾ ಪೂರ್ತಿ ಇದರ ಮೇಲೇ ಇದೆ, ವಕೀಲರು ಸುಮ್ನೆ ಬರೆದಿಲ್ಲ. ‘ನಿಂತರೆ ಹೊರಡೋದೇ ಇಲ್ಲ’ ಅನ್ನೋದು ಉತ್ಪ್ರೇಕ್ಷೆ, ಕೇಳಿದವರಿಗೆಲ್ಲ ಗೊತ್ತಾಗುತ್ತೆ. ‘ಗೊತ್ತಿದ್ದೂ ಮಾರ್ತಿದಾರೆ’ ಅನ್ನೋದು ಆರೋಪ, ಅದಕ್ಕೆ ದಾಖಲೆ ಬೇಕು. ನಿಮ್ಮ ಸ್ಕೂಟರ್ ನಿಂತಿದೆ, ಸುಟ್ಟಿಲ್ಲ. ಬೆಂಕಿ ಮಾತು ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ‘ವಾಟ್ಸ್ಯಾಪ್‌ನಲ್ಲಿ ಬಂದಿತ್ತು’ ಅಂದಿರಿ. ಆ ಉತ್ತರ ಕೋರ್ಟಿನಲ್ಲಿ ಕೊಡೋಕಾಗಲ್ಲ.

ಕಂಪನಿಗೂ ಮಾನ ಇದೆ ಅಂತ ಕಾನೂನು ಒಪ್ಪುತ್ತೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಮಾನಹಾನಿಗೆ ಎರಡು ವರ್ಷದವರೆಗೆ ಶಿಕ್ಷೆ ಇದೆ, ಕ್ರಿಮಿನಲ್ ಕೇಸಿನಲ್ಲಿ ಹೇಳಿದ್ದು ನಿಜ ಅಂತ ತೋರಿಸಿದರೆ ಮಾತ್ರ ಸಾಲದು, ಅದು ಸಾರ್ವಜನಿಕ ಹಿತಕ್ಕಾಗಿ ಅಂತಲೂ ತೋರಿಸಬೇಕು. ಸಿವಿಲ್ ಕೇಸಿನಲ್ಲಿ ನಿಜ ಅಂತ ರುಜುವಾದರೆ ಸಾಕು.

ದಾಖಲೆ ಎಷ್ಟು ವ್ಯತ್ಯಾಸ ಮಾಡುತ್ತೆ ಅಂತ ಎರಡು ಕೇಸಿನಲ್ಲಿ ನೋಡಿ. ಪ್ಯಾರಾಚೂಟ್ ಕೊಬ್ಬರಿ ಎಣ್ಣೆ ಬಗ್ಗೆ ಯೂಟ್ಯೂಬರ್ ಒಬ್ಬರು ಮಾಡಿದ ವಿಡಿಯೊ ವಿರುದ್ಧ ಮಾರಿಕೋ ಕಂಪನಿ ಬಾಂಬೆ ಹೈಕೋರ್ಟಿಗೆ ಹೋಯ್ತು. 2020ರ ಜನವರಿಯಲ್ಲಿ ಏಕಸದಸ್ಯ ಪೀಠ ವಿಡಿಯೊ ತೆಗೆಯಲು ಹೇಳಿತು, ಅವರು ಹೇಳಿದ್ದು ಅಭಿಪ್ರಾಯ ಅಲ್ಲ, ಸರಿಯಾಗಿ ಪರೀಕ್ಷಿಸದೆ ಸತ್ಯ ಅಂತ ಹೇಳಿದ್ದಾರೆ ಅನ್ನೋದು ಮುಖ್ಯ ಕಾರಣ. ಆಮೇಲೆ ಮೇಲ್ಮನವಿಯಲ್ಲಿ ಕೆಲವು ಮಾತು ತೆಗೆಯುವ ಷರತ್ತಿನ ಮೇಲೆ ಅವರಿಗೆ ರಿಲೀಫ್ ಸಿಕ್ಕಿತು. ಇನ್ನೊಂದು ಕಡೆ, ಪ್ರೋಟೀನ್ ಪುಡಿ ಬಗ್ಗೆ ವಿಡಿಯೊ ಮಾಡಿದ ಯೂಟ್ಯೂಬರ್‌ಗಳ ಕೈಯಲ್ಲಿ ಲ್ಯಾಬ್ ರಿಪೋರ್ಟ್ ಇತ್ತು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಆ ವಿಡಿಯೊಗಳಿಗೆ ಮಧ್ಯಂತರ ತಡೆ ಕೊಡಲಿಲ್ಲ.

ಬರೀ ಅಣಕು ಮಾಡಿದರೆ ಕೋರ್ಟುಗಳು ಎಷ್ಟು ಸಹಿಸ್ತಾವೆ ಅಂತ ತಿಳಿಯೋಕೆ ಗ್ರೀನ್‌ಪೀಸ್ ಅನ್ನೋ ಪರಿಸರ ಸಂಘಟನೆಯ ಕೇಸ್ ನೋಡಿ. ಒಡಿಶಾದ ಧಾಮ್ರಾ ಬಂದರಿನಿಂದ ಆಲಿವ್ ರಿಡ್ಲೆ ಆಮೆಗಳಿಗೆ ತೊಂದರೆ ಅಂತ ಗ್ರೀನ್‌ಪೀಸ್‌ನವರು ಪ್ಯಾಕ್‌ಮ್ಯಾನ್ ಥರದ ವಿಡಿಯೊ ಗೇಮ್ ಮಾಡಿ, ಆಮೆಗಳನ್ನು ಟಾಟಾ ಲೋಗೊ ಇರೋ ರಾಕ್ಷಸರು ಅಟ್ಟಿಸಿಕೊಂಡು ಹೋಗೋ ಹಾಗೆ ತೋರಿಸಿದರು. ಟಾಟಾ ಸನ್ಸ್ 10 ಕೋಟಿ ಕೇಳಿತು. 2011ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಮಧ್ಯಂತರ ತಡೆ ಕೊಡಲಿಲ್ಲ, ಲೋಗೊ ಬಳಸಿ ಟೀಕಿಸಿದ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಉಲ್ಲಂಘನೆ ಆಗಲ್ಲ ಅನ್ನೋ ಧಾಟಿಯಲ್ಲೇ ಆದೇಶ ಬಂತು. ಹಾಗಾಗಿ ವಿಡಿಯೊದಲ್ಲಿ ಕಂಪನಿ ಹೆಸರು, ಲೋಗೊ ತೋರಿಸಿದ್ದಕ್ಕೆ ಹೆದರಬೇಡಿ. ಯಾವ ಸ್ಕೂಟರ್ ಅಂತ ಹೇಳದೆ ಹೇಗೆ ದೂರೋದು?

ಟೀ ಶರ್ಟ್ ಮಾತ್ರ ಬೇರೆ. ಲೋಗೊ ತಿರುಚಿ ಬಟ್ಟೆ ಮೇಲೆ ಹಾಕಿ ಮಾರಿದ ಕೂಡಲೇ ನೀವು ಟೀಕಾಕಾರರಲ್ಲ, ವ್ಯಾಪಾರಿ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಜ್ಯಾಕ್ ಡೇನಿಯಲ್ಸ್ ವಿಸ್ಕಿ ಬಾಟಲಿಯನ್ನು ಅಣಕಿಸೋ ನಾಯಿ ಆಟಿಕೆ ಕೇಸಿನಲ್ಲಿ, ಆ ಗುರುತನ್ನು ತನ್ನ ಸರಕಿನ ಗುರುತಾಗಿ ಬಳಸಿದವನಿಗೆ ಅಣಕು ಅನ್ನೋ ವಿಶೇಷ ರಕ್ಷಣೆ ಸಿಗಲ್ಲ ಅಂತ ಹೇಳಿತು. ನಮ್ಮಲ್ಲೂ ‘ವ್ಯಾಪಾರದಲ್ಲಿ ಬಳಕೆ’ ಅನ್ನೋದೇ ಟ್ರೇಡ್‌ಮಾರ್ಕ್ ಕಾಯ್ದೆಯ ಕೀಲಿ. ಆರು ಟೀ ಶರ್ಟ್ ಅಂತೀರಿ, ಲಾಭ 900 ರೂಪಾಯಿ ಅಂತೀರಿ. ಆ 900 ರೂಪಾಯಿಗೆ ನಿಮ್ಮ ಅತ್ಯಂತ ಒಳ್ಳೆ ವಾದವನ್ನು ಅಡವಿಡಬೇಡಿ. ಇವತ್ತು ರಾತ್ರಿಯೇ ಆ ಲಿಂಕ್ ತೆಗೆಯಿರಿ.

ಇನ್ನು ಏನು ಮಾಡಬಹುದು ಅನ್ನೋದು.

ಕ್ಷಮೆ ಕೇಳಿ ಮುಗಿಸೋ ದಾರಿ ಕೆಟ್ಟದೇನಲ್ಲ, ಆದರೆ ಅವರು ಸಹಿಗೆ ಅಂತ ಕಳಿಸಿರೋ ಕ್ಷಮಾಪಣೆ ಪತ್ರಕ್ಕೆ ಹಾಗೇ ಸಹಿ ಹಾಕಬೇಡಿ. ಅದರ ಮೂರನೇ ಸಾಲು ಓದಿ: ವಿಡಿಯೊದಲ್ಲಿ ಹೇಳಿದ್ದೆಲ್ಲ ಸುಳ್ಳು ಅಂತ ಒಪ್ಪಿಕೊಳ್ಳಬೇಕಂತೆ. ಹಾಗೆ ಬರೆದುಕೊಟ್ಟರೆ ನಾಳೆ ಸ್ಕೂಟರ್ ಕೆಟ್ಟಿದೆ ಅಂತ ಕೇಸ್ ಹಾಕೋಕೆ ನಿಮ್ಮ ಬಾಯಿ ನೀವೇ ಹೊಲಿದುಕೊಂಡ ಹಾಗೆ. ಹಿಂದೆ ನನ್ನ ಕಕ್ಷಿದಾರರೊಬ್ಬರು ನನ್ನ ಹತ್ತಿರ ಬರೋ ಮುಂಚೆ ಇಂಥದಕ್ಕೇ ಸಹಿ ಹಾಕಿದ್ದರು. ಅವರ ಮನೆ ವಾಟರ್ ಹೀಟರ್ ವಿಷಯ. ಕೊನೆಗೆ ಹೀಟರ್ ಬದಲಾಗಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಬೆಂಕಿ ಮಾತನ್ನು ಮಾತ್ರ ಹಿಂದೆಗೆದುಕೊಳ್ಳುತ್ತೇನೆ ಅಂತ ಬರೀಬಹುದು, ಅದರಲ್ಲಿ ಅವಮಾನ ಇಲ್ಲ. ನಿಜವಾಗಿ ತಪ್ಪಾಗಿರೋದು ಅಷ್ಟೇ.

ಯೂಟ್ಯೂಬಿನಲ್ಲಿ ಕೌಂಟರ್ ನೋಟಿಫಿಕೇಷನ್, ಅಂದರೆ ‘ಈ ಕಾಪಿರೈಟ್ ದೂರು ಸರಿಯಲ್ಲ’ ಅನ್ನೋ ಪ್ರತಿಹೇಳಿಕೆ, ಹಾಕೋದು ಎರಡನೇ ದಾರಿ. ಹಾಕಿದರೆ ಕಂಪನಿ 10 ಕೆಲಸದ ದಿನದೊಳಗೆ ಕೋರ್ಟಿಗೆ ಹೋದ ಪುರಾವೆ ಕೊಡಬೇಕು, ಇಲ್ಲದಿದ್ದರೆ ವಿಡಿಯೊ ವಾಪಸ್ ಬರಬಹುದು. ಕೇಳೋಕೆ ಚೆನ್ನಾಗಿದೆ. ಆದರೆ ಅದು ಅಮೆರಿಕದ ಕಾನೂನಿನ ಪ್ರಕಾರ ಕೊಡೋ ಹೇಳಿಕೆ, ಅಲ್ಲಿನ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆ ಕೊಡಬೇಕು, ನಿಮ್ಮ ಹೆಸರು ಮತ್ತು ವಿಳಾಸ ದೂರು ಕೊಟ್ಟವರಿಗೆ ಹೋಗುತ್ತೆ. ಜೊತೆಗೆ ಕಂಪನಿಯನ್ನು ನೀವೇ ‘ಬಾ ಕೋರ್ಟಿಗೆ’ ಅಂತ ಕರೆದ ಹಾಗೆ. ಆ 34 ಸೆಕೆಂಡ್ ಮತ್ತು ಬೆಂಕಿ ಮಾತು ಇರೋ ಈಗಿನ ವಿಡಿಯೊಗೆ ನಾನು ಇದನ್ನು ಹಾಕಿಸಲ್ಲ.

ನನ್ನ ಸಲಹೆ, ವಿಡಿಯೊ ಮತ್ತೆ ಕತ್ತರಿಸಿ. ಸಿನಿಮಾ ಹಾಡು ತೆಗೆಯಿರಿ, ಜಾಹೀರಾತಿನ ಕ್ಲಿಪ್ ಹತ್ತು ಹನ್ನೆರಡು ಸೆಕೆಂಡಿಗೆ ಇಳಿಸಿ, ಟೀಕೆ ಇರೋ ಶಾಟ್‌ಗಳಷ್ಟೇ ಉಳಿಸಿ. ಮೂಲ ಆಡಿಯೊ ಬೇಡ, ಪೂರ್ತಿ ನಿಮ್ಮದೇ ದನಿಯಲ್ಲಿ ಹಾಡಿ. ಬೆಂಕಿ ಮಾತಿನ ಜಾಗದಲ್ಲಿ ಏಳು ಜಾಬ್ ಕಾರ್ಡ್‌ಗಳನ್ನು, ಅಂದರೆ ಸರ್ವಿಸ್ ಸೆಂಟರ್‌ನ ರಿಪೇರಿ ಚೀಟಿಗಳನ್ನು, ಒಂದೊಂದಾಗಿ ತೋರಿಸಿ, ತಾರೀಖು ಕಾಣೋ ಹಾಗೆ. ನನ್ನ ಕೇಳಿದರೆ ಅದೇ ಹೆಚ್ಚು ನಗು ತರುತ್ತೆ. ಆದರೆ ಈಗಲೇ ಅಪ್ಲೋಡ್ ಮಾಡಬೇಡಿ. ಸ್ಟ್ರೈಕ್ 90 ದಿನ ಇರುತ್ತೆ, ಆ ಅವಧಿಯೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತೆ. ಮೊದಲು ನೋಟಿಸಿಗೆ ಉತ್ತರ ಹೋಗಲಿ.

ಉತ್ತರ ಕೊಡಲೇಬೇಕು. ನೋಟಿಸ್ ಅಂದರೆ ಕೋರ್ಟ್ ಆದೇಶ ಅಲ್ಲ, 50 ಲಕ್ಷ ಅನ್ನೋದು ವಕೀಲರು ಟೈಪ್ ಮಾಡಿದ ಅಂಕಿ. ಆದರೂ ಸುಮ್ನಿದ್ದರೆ ‘ಹೇಳಿದರೂ ಕೇಳಲಿಲ್ಲ’ ಅಂತ ನಾಳೆ ಜಡ್ಜ್ ಮುಂದೆ ಹೇಳ್ತಾರೆ. ಹಾವೇರಿಯಲ್ಲೇ ಯಾರಾದರೂ ವಕೀಲರಿಂದ ಒಂದೂವರೆ ಪುಟದ ಉತ್ತರ ಕಳಿಸಿ. ನೋಟಿಸಿನಲ್ಲಿ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಹಾಕಿ ಜೈಲಿನ ಮಾತು ಎತ್ತಿದ್ದಾರೆ, ಅದು ಹೆದರಿಸೋಕೆ. 52ರೊಳಗೆ ಬರೋ ಬಳಕೆ ಉಲ್ಲಂಘನೆಯೇ ಅಲ್ಲ, ಅಪರಾಧ ಎಲ್ಲಿಂದ? ಆಧಾರವಿಲ್ಲದೆ ಬೆದರಿಸಿದರೆ ನೀವೇ ಕೋರ್ಟಿಗೆ ಹೋಗಬಹುದು ಅಂತ 60ನೇ ಸೆಕ್ಷನ್ ಇದೆ, ಉತ್ತರದಲ್ಲಿ ಅದನ್ನೊಂದು ಸಾಲು ಹಾಕಿಸಿ, ಕೇಸ್ ಹಾಕೋ ಅಗತ್ಯ ಈಗ ಇಲ್ಲ.

ಈ ಗಲಾಟೆಯಲ್ಲಿ ನಿಮ್ಮ ಸ್ಕೂಟರ್ ಇನ್ನೂ ಕೆಟ್ಟೇ ನಿಂತಿದೆ, ಅಲ್ವಾ? ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀಸು ಇಲ್ಲ, ಎರಡು ವರ್ಷದೊಳಗೆ ಹಾಕಬೇಕು, ನೀವಿರೋ ಊರಿನಲ್ಲೇ ಹಾಕಬಹುದು. ಅಲ್ಲಿ ದೂರು ದಾಖಲಾದರೆ ನಿಮ್ಮ ವಿಡಿಯೊ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದಲ್ಲ ಅನ್ನೋದಕ್ಕೂ ಒಂದು ಸಾಕ್ಷಿ ಆಗುತ್ತೆ.

ಮೂಲ ವಿಡಿಯೊ ಫೈಲು, ಎಡಿಟಿಂಗ್ ಪ್ರಾಜೆಕ್ಟ್ ಫೈಲು, ಸರ್ವಿಸ್ ಸೆಂಟರ್ ಮೆಸೇಜುಗಳು ಯಾವುದನ್ನೂ ಡಿಲೀಟ್ ಮಾಡಬೇಡಿ, ಫೋನ್ ಬದಲಿಸೋದಿದ್ದರೂ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಏಳರಲ್ಲಿ ಎರಡು ಜಾಬ್ ಕಾರ್ಡ್ ನಿಮ್ಮ ಹತ್ತಿರ ಇಲ್ಲ ಅಂದಿದ್ದೀರಿ, ನಾಳೆಯೇ ಸರ್ವಿಸ್ ಸೆಂಟರ್‌ಗೆ ಮೇಲ್ ಮಾಡಿ ಕಾಪಿ ಕೇಳಿ, ಫೋನಿನಲ್ಲಿ ಅಲ್ಲ. ಇನ್ನೊಂದು, ನೋಟಿಸ್ ಕೈಗೆ ಬಂದ ತಾರೀಖು ನೀವು ಬರೆದಿಲ್ಲ. ಉತ್ತರಕ್ಕೆ ಅವರು ಕೊಟ್ಟಿರೋ 15 ದಿನ ಅಲ್ಲಿಂದ ಶುರು. ಅದು ಬಂದ ಕವರ್ ಕಸದ ಬುಟ್ಟಿಯಲ್ಲಿದ್ದರೆ ಎತ್ತಿಡಿ, ಪೋಸ್ಟಿನ ಮುದ್ರೆ ಅದರ ಮೇಲಿದೆ.